ಭೂಮಿಯ ಹೊಟ್ಟೆ ಎಲ್ಲಿರ್ತದೆ?

ಎರಡನೇ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಕೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಶಾಲೆಗೆ ಬಂದಳು. ಉಗುರಿನ ಸಂದಿಯೆಲ್ಲ ಕೆಂಪು. ತೊಳೆದುಕೊಂಡು ಬಾ ಎಂದರೆ, "ತೊಳ್ದೀನಿ ಟೀಚರ್, ಹೋಗಲ್ಲ" ಎಂದಳು. ಹಿಂದಿನ ರಾತ್ರಿ ಅಜ್ಜಿ ಜೊತೆ ಕೂತು ಬುಟ್ಟಿಗೆ ಕೆಮ್ಮಣ್ಣು ಬಳಿದಿದ್ದಳಂತೆ. ಭೂಮಿ ಹುಣ್ಣಿಮೆಗೆ ಇನ್ನು ನಾಲ್ಕೇ ದಿನ ಇತ್ತು.

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಲಿ-ಕಲಿ ಟೀಚರ್. ಪುಟ್ಟ ಮಕ್ಕಳಿಗೆ ಕಾರ್ಡು, ಆಟಗಳಿಂದ ಕಲಿಸುವ ಪದ್ಧತಿ ಅದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ನನ್ನ ಊರು ತುಮಕೂರು ಕಡೆ. ಕೆಲಸ ಸಿಕ್ಕಿ ಇಲ್ಲಿಗೆ ಬರುವವರೆಗೆ ಈ ಹಬ್ಬವನ್ನು ನಾನು ನೋಡಿರಲಿಲ್ಲ. ಹಾಗಾಗಿ ಅವಳನ್ನೇ ಕೇಳಿದೆ, ಭೂಮಿ ಹುಣ್ಣಿಮೆ ಅಂದರೆ ಏನು ಅಂತ. "ಭೂಮಿ ಬಸುರಿ ಅಲ್ವಾ ಟೀಚರ್, ಅವಳಿಗೆ ಬಯಕೆ ಊಟ ಹಾಕೋದು" ಎಂದಳು. ಇಷ್ಟು ಹೇಳಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೇಳಿದಳು: "ಆದ್ರೆ ಭೂಮಿ ಹೊಟ್ಟೆ ಎಲ್ಲಿರ್ತದೆ?"

ನನಗೆ ಏನು ಹೇಳುವುದೆಂದು ಹೊಳೆಯಲಿಲ್ಲ. ಪಕ್ಕದಲ್ಲಿ ಸ್ಲೇಟಿನ ಮೇಲೆ ಬರೆಯುತ್ತಿದ್ದ ಹುಡುಗ ತಲೆ ಎತ್ತದೇ ಹೇಳಿದ: "ಎಲ್ಲ ಕಡೆ. ನಾವು ನಿಂತಿರೋದೇ ಹೊಟ್ಟೆ ಮೇಲೆ."

ಅವಳು ತನ್ನ ಕಾಲು ನೋಡಿಕೊಂಡಳು. ಆಮೇಲೆ ತುದಿಗಾಲಲ್ಲಿ, ಮಲಗಿರುವ ಪಾಪು ಎದ್ದುಬಿಡುತ್ತದೇನೋ ಅನ್ನುವ ಹಾಗೆ, ತನ್ನ ಜಾಗಕ್ಕೆ ನಡೆದುಕೊಂಡು ಹೋದಳು.

ಬಿಸಿಯೂಟದ ಲೆಕ್ಕ ಬರೆದ ಹಾಳೆಯ ಹಿಂದೆ ಅವತ್ತೇ ಇದನ್ನು ಬರೆದಿಟ್ಟೆ. ಅಚ್ಚಾದ ನನ್ನ ಮೊದಲ ಚಿತ್ರಪುಸ್ತಕ ಹುಟ್ಟಿದ್ದು ಆ ಹಾಳೆಯಿಂದ. ಆದರೆ ಆ ಹುಡುಗಿ ಅದೇ ಮಾತನ್ನು ಎರಡು ವರ್ಷ ಮೊದಲು ಕೇಳಿದ್ದರೆ ನಾನು ನಕ್ಕು, ತಲೆ ಸವರಿ, ಕಾರ್ಡು ತೆಗೆಯಲು ಕಳಿಸುತ್ತಿದ್ದೆ ಅನಿಸುತ್ತದೆ. ಆ ಎರಡು ವರ್ಷದಲ್ಲಿ ಏನಾಯಿತು ಅನ್ನುವುದನ್ನೂ ಹೇಳಬೇಕು.

ಮಕ್ಕಳಿಗೆ ಬರೆಯಬೇಕು ಅನ್ನುವ ಆಸೆ ನನಗೆ ಮೊದಲಿನಿಂದಲೂ ಇತ್ತು. ಬರೆಯುತ್ತಲೂ ಇದ್ದೆ. ಸೋಮಾರಿ ಅಳಿಲು, ಜಂಬದ ನವಿಲು, ಸುಳ್ಳು ಹೇಳಿ ಸಿಕ್ಕಿಬಿದ್ದ ಮೊಲ. ಎಲ್ಲ ಕಥೆಯ ಕೊನೆಯಲ್ಲೂ ಒಬ್ಬರು ಹಿರಿಯರು ಬಂದು ಬುದ್ಧಿ ಹೇಳುತ್ತಿದ್ದರು. ಅಂಥ ಮೂರು ಕಥೆಗಳನ್ನು ಒಂದು ಪ್ರಕಾಶನಕ್ಕೆ ಕಳಿಸಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಭಾಷೆ ಚೆನ್ನಾಗಿದೆ ಎಂದು ಬರೆದಿದ್ದರು. ಅದರ ಕೆಳಗೆ ಒಂದು ಪ್ರಶ್ನೆ: ಈ ಕಥೆಗಳಲ್ಲಿ ಚಿತ್ರಕ್ಕೆ ಏನು ಕೆಲಸ ಉಳಿದಿದೆ?

ಆ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. ಬೇಜಾರೂ ಆಯಿತು. ಕಥೆ ಬರೆಯುವುದು ನನ್ನ ಕೆಲಸ, ಚಿತ್ರ ಬರೆಯುವುದು ಕಲಾವಿದರ ಕೆಲಸ, ಕಥೆಯಲ್ಲಿ ನವಿಲು ಇದ್ದರೆ ನವಿಲಿನ ಚಿತ್ರ ಬರೆದರಾಯಿತಲ್ಲ ಅಂದುಕೊಂಡಿದ್ದೆ.

ಅರ್ಥ ಮಾಡಿಸಿದ್ದು ನನ್ನ ತರಗತಿಯ ಮಕ್ಕಳು. ಪ್ರಥಮ್ ಬುಕ್ಸ್ 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮಕ್ಕಳ ಪುಸ್ತಕಗಳ ಸಂಸ್ಥೆ. ಅವರು 2015ರಲ್ಲಿ ಸ್ಟೋರಿವೀವರ್ ಅಂತ ಒಂದು ತಾಣ ತೆರೆದರು. ಅಲ್ಲಿನ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಕೊಳ್ಳಬಹುದು, ಬೇರೆ ಭಾಷೆಗೆ ಅನುವಾದ ಮಾಡಿ ಅಲ್ಲೇ ಹಾಕಬಹುದು. ಹಳ್ಳಿಯಲ್ಲಿ ನೆಟ್‌ವರ್ಕ್ ಸರಿ ಇಲ್ಲ. ಸಾಗರ ಪೇಟೆಗೆ ಹೋದಾಗ ಕನ್ನಡದ ಒಂದಷ್ಟು ಪುಸ್ತಕ ಇಳಿಸಿಕೊಂಡು, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಟೇಪ್ಲರ್ ಹೊಡೆದು ತಂದೆ. ನೆಲದ ಮೇಲೆ ಕೂತು ಓದಲು ಶುರು ಮಾಡಿದೆ.

ಓದುತ್ತಾ ಓದುತ್ತಾ ಮಕ್ಕಳ ಕಣ್ಣು ನೋಡಿದೆ. ಒಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ. ಅಕ್ಷರವನ್ನೂ ನೋಡುತ್ತಿರಲಿಲ್ಲ. ನಾನು ಆನೆಯ ಸಾಲು ಓದುತ್ತಿದ್ದರೆ ಅವರು ಪುಟದ ಮೂಲೆಯಲ್ಲಿದ್ದ ಕಪ್ಪೆಯನ್ನು ನೋಡುತ್ತಿದ್ದರು. "ಟೀಚರ್, ಕಪ್ಪೆ ಕೊಡೆ ಕದೀತಿದೆ!" ಕಪ್ಪೆಯ ಸುದ್ದಿ ನಾನು ಓದಿದ ಸಾಲಿನಲ್ಲಿ ಇರಲೇ ಇಲ್ಲ. ನಾನು ಓದುತ್ತಿದ್ದದ್ದು ಒಂದು ಕಥೆ, ಅವರು ನೋಡುತ್ತಿದ್ದದ್ದು ಇನ್ನೊಂದು. ಎರಡೂ ಸೇರಿದರೇ ಪುಸ್ತಕ. ನನ್ನ ನವಿಲಿನ ಕಥೆಯಲ್ಲಿ ಎಲ್ಲವನ್ನೂ ನಾನೇ ಹೇಳಿ ಮುಗಿಸಿದ್ದೆ. ಮಗುವಿಗೆ ಕಂಡುಹಿಡಿಯಲು ಅಲ್ಲಿ ಏನೂ ಇರಲಿಲ್ಲ.

ಆಮೇಲೆ ನಾನು ಮಾಡಿದ ಮೊದಲ ಚಿತ್ರಪುಸ್ತಕ ಅಂದರೆ ಡ್ರಾಯಿಂಗ್ ಶೀಟಿನದು. ನಾಲ್ಕು ಪುಟ, ನಾಲ್ಕು ಪದ. ಅದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈವರೆಗೆ ನಾನು ಕಲಿತದ್ದರಲ್ಲಿ ಅರ್ಧ ಅದರಿಂದಲೇ ಬಂದದ್ದು.

ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ. ಇಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಸಾಲಾಗಿ ಹೋಗುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ ಬಂದ ಮಗು ಸರ ಓದುತ್ತದೆ, ಅರಸ ಓದುತ್ತದೆ, ಅಗಸ ಓದುತ್ತದೆ. ಗರಗಸ ಅನ್ನುವ ಅಷ್ಟು ಉದ್ದದ ಪದವನ್ನೂ ಓದುತ್ತದೆ. ಮೊದಲ ಸಲ ಗರಗಸ ಓದಿದ ಮಗುವಿನ ಮುಖ ನೋಡಬೇಕು ನೀವು.

ಈ ಪದಗಳನ್ನು ಎಷ್ಟೋ ವರ್ಷದಿಂದ ಕಲಿಸುತ್ತಿದ್ದೆ. ಒಂದು ಸಂಜೆ ಕಾರ್ಡುಗಳನ್ನು ಜೋಡಿಸಿಡುವಾಗ ನಾಲ್ಕು ಕಾರ್ಡು ಪಕ್ಕಪಕ್ಕದಲ್ಲಿ ಬಿದ್ದವು. ಅರಸ. ಸರ. ಅಗಸ. ಗರಗಸ. ಇದು ಕಥೆ ಅಲ್ವಾ ಅನಿಸಿತು. ಮೊದಲ ಪುಟದಲ್ಲಿ ಅರಸ, ಡೊಳ್ಳು ಹೊಟ್ಟೆ, ಮೀಸೆ. ಎರಡನೆಯದರಲ್ಲಿ ಸರ. ಅರಸ ಅದನ್ನು ತಲೆಯಿಂದ ತುರುಕಿಕೊಂಡಿದ್ದಾನೆ, ಕತ್ತಿನಲ್ಲಿ ಸಿಕ್ಕಿಕೊಂಡು ಮುಖ ಕೆಂಪಾಗಿದೆ. ಮೂರನೆಯದರಲ್ಲಿ ಅಗಸ. ಅವನು ಅರಸನ ಕತ್ತಿಗೆಲ್ಲ ಸೋಪಿನ ನೊರೆ ಹಚ್ಚಿ ಎಳೆಯುತ್ತಿದ್ದಾನೆ. ಪುಟ ತಿರುವಿದರೆ, ಗರಗಸ. ಅರಸನ ಕಣ್ಣು ಇಷ್ಟು ದೊಡ್ಡದು.

ನನಗೆ ಚಿತ್ರ ಬರೆಯಲು ಅಷ್ಟಾಗಿ ಬರುವುದಿಲ್ಲ. ಕಡ್ಡಿ ಕೈ, ಕಡ್ಡಿ ಕಾಲು. ಆದರೂ ಮಕ್ಕಳು ಒಂದೇ ದಿನ ಏಳೆಂಟು ಸಲ ಓದಿಸಿದರು. ಅವರೇ ಓದಿದರು ಅನ್ನುವುದು ಸರಿ. ಗರಗಸ ಬಂದಾಗಲೆಲ್ಲ ಒಬ್ಬ ಹುಡುಗಿ "ಅಯ್ಯೋ ಬೇಡ ಬೇಡ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮುಂದೇನಾಯ್ತು ಟೀಚರ್ ಎಂದು ಕೇಳಿದರು. ಐದನೇ ಪುಟ ನನ್ನ ಹತ್ತಿರ ಇರಲಿಲ್ಲ. ಆಗ ಹಿಂದಿನಿಂದ ಒಬ್ಬ ಶುರು ಮಾಡಿದ, "ಗರ ಗರ ಗರ ಗರ..." ಇಡೀ ಕೋಣೆ ಸೇರಿಕೊಂಡಿತು. ಆ ಸದ್ದಿಗೂ ಗ, ರ ಎರಡೇ ಅಕ್ಷರ ಸಾಕು! ಐದನೇ ಪುಟವನ್ನು ಅವರೇ ಬರೆದು ಕೊಟ್ಟರು. ಅದನ್ನೂ ಸೇರಿಸಿ ಕೋಣೆಯಲ್ಲಿ ಕಟ್ಟಿರುವ ಚಪ್ಪರದ ದಾರಕ್ಕೆ ತೂಗುಹಾಕಿದೆವು. ಪ್ರಕಾಶಕರು ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲಿ ತೂಗಾಡುತ್ತಿತ್ತು. "ಸರ" ಅನ್ನುವ ಪದದಲ್ಲಿ ಕತ್ತಿಗೆ ಸಿಕ್ಕಿಕೊಂಡ ಸಂಕಟ ಎಲ್ಲೂ ಇಲ್ಲ. ಅಷ್ಟನ್ನೂ ಹೇಳಿದ್ದು ಚಿತ್ರ.

ಇಷ್ಟೆಲ್ಲ ಆದ ಮೇಲೆ ಆ ಕೆಮ್ಮಣ್ಣಿನ ಕೈ ಹುಡುಗಿ ಬಂದು ಭೂಮಿಯ ಹೊಟ್ಟೆ ಕೇಳಿದ್ದು.

ಆ ವಾರವೇ ಕೂತು ಬರೆದೆ. ಭೂಮಿ ಹುಣ್ಣಿಮೆ, ಅಂದರೆ ಶೀಗಿ ಹುಣ್ಣಿಮೆಯ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ, ತೆನೆಯನ್ನು ಒಳಗೇ ಇಟ್ಟುಕೊಂಡು ನಿಂತಿರುತ್ತದೆ. ಗದ್ದೆ ಬಸುರಿ, ಅವಳ ಬಯಕೆ ತೀರಿಸಬೇಕು ಅನ್ನುವುದು ಮಲೆನಾಡಿನ ರೈತರ ನಂಬಿಕೆ. ಅಜ್ಜಿ, ಮೊಮ್ಮಗಳು, ಬುಟ್ಟಿ, ಗದ್ದೆ. ಹೊಸ್ತಿಲು ದಾಟುವಾಗಲೇ ಬೆಳಗಿನ ಸೂರ್ಯ, ಬಂಗಾರದ ಬಿಸಿಲು. ಬರೆದು ಮುಗಿಸಿದಾಗ ತುಂಬಾ ಖುಷಿಯಾಗಿತ್ತು. ಆದರೂ ಒಳಗೊಂದು ಅಳುಕು. ಇದು ನನ್ನ ಮನೆಯ ಹಬ್ಬ ಅಲ್ಲ. ಕೇಳದೆ ಬರೆಯುವುದು ಸರಿಯಾ? ಹುಡುಗಿಯ ಮನೆಗೆ ಹೋದೆ.

ಅಜ್ಜಿ ಜಗಲಿಯಲ್ಲಿ ಭೂಮಣ್ಣಿ ಬುಟ್ಟಿಗೆ, ಅಂದರೆ ಹಬ್ಬದ ಅಡುಗೆಯನ್ನು ಗದ್ದೆಗೆ ಹೊರುವ ಬುಟ್ಟಿಗೆ, ಚಿತ್ತಾರ ಬರೆಯುತ್ತಿದ್ದರು. ಇಲ್ಲಿನ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಹಬ್ಬಕ್ಕೆ ಮೊದಲೇ ಬುಟ್ಟಿಗೆ ಸಗಣಿ ಸಾರಿಸಿ, ಅದರ ಮೇಲೆ ಕೆಮ್ಮಣ್ಣು ಬಳಿದು, ನೆನೆಸಿ ರುಬ್ಬಿದ ಅಕ್ಕಿಯ ಬಿಳಿಯಲ್ಲಿ ಚಿತ್ತಾರ ತೆಗೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು. ಅಜ್ಜಿ ನಾರನ್ನು ಬಿಳಿಯಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಉಸಿರು ಹಿಡಿದು ಒಂದು ಎಳೆ ಎಳೆಯುತ್ತಿದ್ದರು. ಎಳೆ ಮುಗಿದ ಮೇಲೇ ಉಸಿರು ಬಿಡುತ್ತಿದ್ದರು. ಭತ್ತದ ಸಸಿ, ಏಣಿ, ಕೋಳಿ ಎಲ್ಲ ಒಂದೊಂದಾಗಿ ಬುಟ್ಟಿಯ ಮೇಲೆ ಬಂದವು. ಒಂದು ಕಡೆ ಖಾಲಿ ಬಿಟ್ಟಿದ್ದರು. ಅಲ್ಲಿ ಬರೆಯಲ್ವಾ ಅಜ್ಜಿ ಎಂದೆ. "ಬ್ಯಾಡ, ಕೆಂಪು ಉಳೀಬೇಕು" ಎಂದರು.

ನಾನು ಬರೆದದ್ದನ್ನು ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಸೂರ್ಯ ಯಾಕೆ ಬಂದ ಇದ್ರಲ್ಲಿ?" ಎಂದರು. ನನಗೆ ತಿಳಿಯಲಿಲ್ಲ. "ರಾತ್ರಿಯೆಲ್ಲ ಅಡುಗೆ ಮಾಡೋದು. ಬೆಳಕು ಹರಿಯೋದ್ರೊಳಗೆ ಆ ಅಡುಗೇನ ಗದ್ದೆಗೆ ಚರಗ ಬೀರಿ ಆಗ್ಬೇಕು. ಕತ್ಲಲ್ಲೇ ಹೋಗೋದು ಟೀಚರ್ರೇ, ದೊಂದಿ ಹಿಡ್ಕಂಡು." ಕಾಗೆಗೂ ಇಲಿಗೂ ಎಡೆ ಇಡುವುದನ್ನು ಹೇಳಿದರು. ಇಲಿ ಭತ್ತ ತಿನ್ನುತ್ತದೆ, ಅದಕ್ಕೂ ಪಾಲು ಕೊಟ್ಟರೆ ಸಿಟ್ಟಾಗುವುದಿಲ್ಲ ಅಂತ. ಬರೆಯಬಹುದಾ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಬರೀರಿ. ಆದ್ರೆ ಸರಿಯಾಗಿ ಬರೀರಿ."

ಮನೆಗೆ ಬಂದು ಸೂರ್ಯನನ್ನು ಹೊಡೆದುಹಾಕಿದೆ. ಅವನ ಜೊತೆ ಕಥೆಯ ಅರ್ಧದಷ್ಟು ಸಾಲು ಹೋದವು. ಕತ್ತಲಲ್ಲಿ ನಡೆಯುವ ಮಗುವಿಗೆ ಎಲ್ಲವೂ ಕಾಣುವುದಿಲ್ಲ, ಅಲ್ವಾ. ಕಾಣುವುದು ದೊಂದಿಯ ಬೆಳಕು ಬಿದ್ದಷ್ಟೇ. ಅಜ್ಜಿಯ ಹಿಮ್ಮಡಿ, ಬುಟ್ಟಿಯ ಮೇಲಿನ ಬಿಳಿ ಎಳೆ, ಗದ್ದೆ ಬದುವಿನ ಹುಲ್ಲು. ಉಳಿದದ್ದು ಸದ್ದು. ನಮ್ಮ ಕನ್ನಡದಲ್ಲಿ ಸದ್ದಿಗೆ ಬರವೇ? ಚರಚರ, ತೊಟತೊಟ, ಪುಳಕ್, ಸರಕ್ಕನೆ. ಸ್ಟೋರಿವೀವರ್‌ಗೆ ಇಂಗ್ಲಿಷಿನಿಂದ ಒಂದೆರಡು ಪುಸ್ತಕ ಅನುವಾದ ಮಾಡುವಾಗಲೇ ಇದು ಗೊತ್ತಾಗಿತ್ತು. ಅಲ್ಲಿ ಒಂದು ಸದ್ದಿನ ಪದ ಇದ್ದರೆ ಇಲ್ಲಿ ಐದು ಸಿಗುತ್ತವೆ. ಐದರಲ್ಲಿ ಯಾವುದು ಸರಿ ಅನ್ನುವುದನ್ನು ಜೋರಾಗಿ ಓದಿಯೇ ಆರಿಸಬೇಕು.

ಇನ್ನೊಂದು ಕಷ್ಟ ಒತ್ತಕ್ಷರದ್ದು. ಮಕ್ಕಳು ಮೊದಲು ಮೂಲಾಕ್ಷರ, ಆಮೇಲೆ ಕಾಗುಣಿತ, ಒತ್ತಕ್ಷರ ಕಲಿಯುವುದು ಕೊನೆ ಕೊನೆಗೆ. ಹಾಗಾಗಿ ಪುಟ್ಟ ಮಕ್ಕಳ ಪುಸ್ತಕದಲ್ಲಿ ಒತ್ತು ಕಡಿಮೆ ಇದ್ದರೆ ಒಳ್ಳೆಯದು. ಆದರೆ ಮಗುವಿಗೆ ಹತ್ತಿರದ ಪದಗಳನ್ನು ಒಮ್ಮೆ ನೋಡಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ತಮ್ಮ, ಅನ್ನ, ಹಣ್ಣು, ಬೆಕ್ಕು. ಎಲ್ಲದರಲ್ಲೂ ಒತ್ತು! ನನ್ನ ಕಥೆಯಲ್ಲಂತೂ ಅಜ್ಜಿ, ಪುಟ್ಟಿ, ಬುಟ್ಟಿ, ಗದ್ದೆ. ಒತ್ತು ತೆಗೆದರೆ ಕಥೆಯೇ ಇಲ್ಲ. ಎರಡು ದಿನ ಒದ್ದಾಡಿ ಎಲ್ಲವನ್ನೂ ಹಾಗೇ ಇಟ್ಟುಕೊಂಡೆ. ಅಜ್ಜಿ ಅನ್ನುವ ಪದವನ್ನು ಮಗು ಅಕ್ಷರ ಕೂಡಿಸಿ ಓದುವುದಿಲ್ಲ. ಚಿತ್ರ ನೋಡುತ್ತದೆ, ಮೊದಲ ಅಕ್ಷರ ನೋಡುತ್ತದೆ, ಬಾಯಿ ತಾನಾಗಿ ಅಜ್ಜಿ ಅನ್ನುತ್ತದೆ. ಬಾಯಲ್ಲಿ ಮೊದಲೇ ಇರುವ ಪದಕ್ಕೆ ಹೆದರಬೇಕಾಗಿಲ್ಲ ಅನ್ನುವುದು ನನ್ನ ಅನುಭವ. "ಸಂಭ್ರಮ"ದಂಥ ಪದಗಳನ್ನು ಮಾತ್ರ ಒಂದೂ ಬಿಡದೆ ತೆಗೆದೆ.

ಪುಟದ ಲೆಕ್ಕ ಕಲಿತದ್ದು ಆಮೇಲೆ. ಪುಸ್ತಕಕ್ಕೆ ಎಷ್ಟು ಪುಟ ಅನ್ನುವುದನ್ನು ಬರೆಯುವವರ ಮನಸ್ಸಿಗಿಂತ ಜಾಸ್ತಿ ಪ್ರೆಸ್ಸಿನ ಹಾಳೆ ತೀರ್ಮಾನ ಮಾಡುತ್ತದೆ. ದೊಡ್ಡ ಹಾಳೆಯನ್ನು ಎರಡೂ ಕಡೆ ಅಚ್ಚು ಹಾಕಿ ಮಡಚಿದರೆ ಪುಟಗಳು ನಾಲ್ಕು, ಎಂಟು, ಹದಿನಾರರ ಲೆಕ್ಕದಲ್ಲೇ ಬರುವುದು. ಹದಿನಾರು ಪುಟಕ್ಕೆ ಒಂದು ಫಾರಂ. ಎರಡು ಫಾರಂ ಸೇರಿ ಆಗುವ 32 ಪುಟದ ಚಿತ್ರಪುಸ್ತಕ ಪ್ರಪಂಚದಲ್ಲೆಲ್ಲ ರೂಢಿ. ನನ್ನದು 16 ಪುಟ.

ಬರೆಯಬೇಕು ಅಂದುಕೊಂಡಿರುವವರಿಗೆ ನಾನು ಹೇಳುವ ಒಂದೇ ಒಂದು ಉಪಾಯ ಇದು. ನಾಲ್ಕು ಎ4 ಹಾಳೆ ತೆಗೆದುಕೊಳ್ಳಿ. ಒಟ್ಟಿಗೆ ಇಟ್ಟು ಮಧ್ಯಕ್ಕೆ ಮಡಚಿ, ಮಡಿಕೆಗೆ ಎರಡು ಪಿನ್ ಹೊಡೆಯಿರಿ. 16 ಪುಟದ ಖಾಲಿ ಪುಸ್ತಕ ಸಿಗುತ್ತದೆ. ಈಗ ನಿಮ್ಮ ಸಾಲುಗಳನ್ನು ಪೆನ್ಸಿಲ್‌ನಲ್ಲಿ ಅದರೊಳಗೆ ಬರೆಯಿರಿ. ಬರೆದು ಪುಟ ತಿರುಗಿಸಿ. ಎಲ್ಲಿ ಪುಟ ತಿರುಗಿಸಲು ಮನಸ್ಸೇ ಬರುವುದಿಲ್ಲವೋ ಅಲ್ಲಿ ಕಥೆ ಸತ್ತಿದೆ. ಕಂಪ್ಯೂಟರಿನಲ್ಲಿ ಇದು ಗೊತ್ತಾಗುವುದೇ ಇಲ್ಲ. ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ನಾನು ಅಂಥ ಒಂಬತ್ತು ಪುಸ್ತಕ ಮಡಚಿದೆ.

ಪುಟ ತಿರುಗಿಸುತ್ತಾ ಹೋದ ಹಾಗೆ ಸಾಲುಗಳು ಸಣ್ಣದಾದವು. ಮೊದಲು ಹೀಗಿತ್ತು: "ಬೆಳಗಿನ ಜಾವದ ಕಪ್ಪು ಕತ್ತಲಲ್ಲಿ ಪುಟ್ಟಿ ಹೆದರುತ್ತಾ ಅಜ್ಜಿಯ ಸೆರಗು ಹಿಡಿದುಕೊಂಡು ಗದ್ದೆಯ ಬದುವಿನ ಮೇಲೆ ನಡೆದಳು." ಕೊನೆಗೆ ಉಳಿದದ್ದು: "ಅಜ್ಜಿ ಮುಂದೆ. ಪುಟ್ಟಿ ಹಿಂದೆ." ಕತ್ತಲು, ಹೆದರಿಕೆ, ಸೆರಗು, ಬದು ಎಲ್ಲವೂ ಚಿತ್ರಕ್ಕೆ ಹೋದವು. ಒಂದೊಂದು ಪದ ತೆಗೆಯುವಾಗಲೂ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಅದರಲ್ಲೂ ಇಲಿಗೆ ಎಡೆ ಇಡುವ ಸಾಲು. ನನಗೆ ಅದು ತುಂಬಾ ಇಷ್ಟ. ಎಲ್ಲಿ ಇಟ್ಟರೂ ಓಟ ನಿಲ್ಲುತ್ತಿತ್ತು. ಕೊನೆಗೆ ತೆಗೆದೇಬಿಟ್ಟೆ. ಒಟ್ಟು 104 ಪದ ಉಳಿದವು. ಸ್ಟೋರಿವೀವರ್‌ನಲ್ಲಿ ಮೊದಲ ಹಂತದ ಪುಸ್ತಕ ಅಂದರೆ 250 ಪದದೊಳಗೆ. ಅದರ ಅರ್ಧಕ್ಕಿಂತಲೂ ಕಡಿಮೆ.

ಈ ಸಲ ಪ್ರಕಾಶಕರು ಒಪ್ಪಿದರು. ಚಿತ್ರ ಬರೆಯಲು ಸಿಕ್ಕ ಕಲಾವಿದೆಗೆ ನಾನು ಉದ್ದದ ಸೂಚನೆ ಬರೆದು ಕಳಿಸಿದ್ದೆ. ಪುಟ್ಟಿಯ ಲಂಗ ಯಾವ ಬಣ್ಣ, ಮರ ಯಾವ ಕಡೆ, ಎಲ್ಲ. ಅವರು ಫೋನ್ ಮಾಡಿ ಕೇಳಿದ್ದು ಒಂದೇ: "ಅಜ್ಜಿ ಎಳೆ ಎಳೆಯುವಾಗ ನಾರನ್ನು ಹೇಗೆ ಹಿಡಿದುಕೊಳ್ತಾರೆ? ಒಂದು ವಿಡಿಯೋ ಕಳಿಸ್ತೀರಾ?" ಅಷ್ಟು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಲಂಗ, ಮರ ಎಲ್ಲ ನಿಮಗೇ ಬಿಟ್ಟೆ ಎಂದೆ. ಅವರು ಮೊದಲ ಹತ್ತು ಪುಟ ಪೂರ್ತಿ ಕಪ್ಪು ಮಾಡಿದರು. ದೊಂದಿಯ ಸುತ್ತ ಮಾತ್ರ ಒಂದು ಕೆಂಪು ವೃತ್ತ. ಮಕ್ಕಳ ಪುಸ್ತಕ ಇಷ್ಟು ಕಪ್ಪಾ ಎಂದು ಕೇಳಿದವರಿದ್ದಾರೆ. ನನ್ನ ಪ್ರಕಾರ ಮಕ್ಕಳಿಗೆ ಕತ್ತಲು ಚೆನ್ನಾಗಿ ಗೊತ್ತು. ಪಕ್ಕದಲ್ಲಿ ಅಜ್ಜಿ ಇದ್ದರೆ ಸಾಕು.

ಐಡಿಯಾ ಎಲ್ಲಿಂದ ಬರುತ್ತದೆ ಅಂತ ಈಗ ಕೆಲವರು ಕೇಳುತ್ತಾರೆ. ತುಂಬಾ ಜನ ತಮ್ಮ ಬಾಲ್ಯಕ್ಕೆ ಹೋಗಿ ಹುಡುಕುತ್ತಾರೆ. ನಾನೂ ಹುಡುಕಿದ್ದೆ. ಹುಣಸೆ ಮರ, ರಜೆಯ ಮಾವಿನಕಾಯಿ, ಅಜ್ಜನ ಸೈಕಲ್. ನಮ್ಮ ಬಾಲ್ಯ ನಮಗೆ ಸಿಹಿ. ಮಗುವಿಗೆ ಅದು ಯಾರದೋ ಹಳೇ ಫೋಟೊ. ನನಗೆ ಈಗ ಎದುರಿಗಿರುವ ಮಗು ಏನು ನೋಡುತ್ತಿದೆ ಅನ್ನುವುದೇ ಮುಖ್ಯ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಮಕ್ಕಳು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ತಿದ್ದುವುದಿಲ್ಲ. "ರಜಾ ಇದ್ದಾಗ ಶಾಲೆ ಗಂಟೆ ಏನ್ ಮಾಡ್ತದೆ?" ಅಂತ ಒಂದು ಇದೆ. ಊಟದ ತಟ್ಟೆ ತೊಳೆದು ಬಿಸಿಲಿಗೆ ಹಿಡಿದು, ಗೋಡೆಯ ಮೇಲೆ ಬೆಳಕು ಕುಣಿಸುತ್ತಾ "ಬಿಸಿಲು ತೊಳ್ದೆ ಟೀಚರ್" ಎಂದ ಹುಡುಗನ ಮಾತು ಇದೆ. ಮಳೆಗಾಲದಲ್ಲಿ ಜಾಸ್ತಿ ತುಂಬುತ್ತದೆ. ಜೋರು ಮಳೆ ಹೆಂಚಿನ ಮೇಲೆ ಬೀಳುವಾಗ ನನ್ನ ಪಾಠ ಯಾರಿಗೂ ಕೇಳುವುದಿಲ್ಲ. ಆಗ ಸುಮ್ನೆ ಕೂತು ಅವರ ಮಾತು ಕೇಳುವುದೇ ಕೆಲಸ. ಎಲ್ಲವೂ ಪುಸ್ತಕ ಆಗುವುದಿಲ್ಲ. ಗಂಟೆಯ ಪ್ರಶ್ನೆಗೆ ಆರು ಸಲ ಹಾಳೆ ಮಡಚಿದ್ದೇನೆ, ಇನ್ನೂ ದಾರಿ ಸಿಕ್ಕಿಲ್ಲ.

ಪುಸ್ತಕ ಅಚ್ಚಾಗಿ ಬಂದ ಮೇಲೆ ಮೊದಲ ಪ್ರತಿ ಆ ಅಜ್ಜಿಗೆ. ಅವರು ಓದುವುದಿಲ್ಲ. ಪುಟ ತಿರುಗಿಸಿ ಬುಟ್ಟಿಯ ಚಿತ್ರದ ಮೇಲೆ ಬೆರಳಾಡಿಸಿ, "ಎಳೆ ಸರಿ ಇದೆ" ಎಂದರು. ಎರಡನೆಯದು ಪಂಚಾಯಿತಿ ಲೈಬ್ರರಿಗೆ. ಈಗ ಅದರ ಹೆಸರು ಅರಿವು ಕೇಂದ್ರ. 2020ರಲ್ಲಿ ಓದುವ ಬೆಳಕು ಅಭಿಯಾನ ಶುರುವಾದಾಗ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ನಮ್ಮ ಶಾಲೆಯವರೆಲ್ಲ ಅಲ್ಲಿ ಸದಸ್ಯರು. ಒಂದು ಶನಿವಾರ ಮಧ್ಯಾಹ್ನ ಅಲ್ಲಿ ಕೂತು ಓದಿದೆ. ಹೊಟ್ಟೆಯ ಪ್ರಶ್ನೆ ಕೇಳಿದ್ದ ಹುಡುಗಿ ಈಗ ನಾಲ್ಕನೇ ತರಗತಿ. ಅವಳು ತನ್ನ ತಮ್ಮನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ಐದು ವರ್ಷ, ಇನ್ನೂ ಅಕ್ಷರ ಬರುವುದಿಲ್ಲ.

ಓದಿ ಮುಗಿಸಿದೆ. ಉಳಿದವರು ಎದ್ದು ಆಡಲು ಹೋದರು. ಅವನು ಮಾತ್ರ ಪುಸ್ತಕ ತನ್ನ ಕಡೆ ಎಳೆದುಕೊಂಡು, ಮೊದಲ ಪುಟಕ್ಕೆ ಮೂಗು ತಾಗಿಸಿ ನೋಡುತ್ತಾ ಕೂತ. ಕಪ್ಪಿನೊಳಗೆ ಬೆರಳಿಟ್ಟು, "ಒಂದು" ಎಂದ. ಏನೋ ಅದು ಎಂದು ಕೇಳಿದೆ. "ಇಲಿ" ಎಂದ.

ನನಗೆ ಇಲಿಯ ವಿಷಯ ಗೊತ್ತಿತ್ತು. ನಾನು ಸಾಲು ತೆಗೆದದ್ದನ್ನು ತಿಳಿದು ಕಲಾವಿದೆ ಅಲ್ಲಲ್ಲಿ ಒಂದೊಂದು ಇಲಿ ಬಿಡಿಸಿದ್ದರು. ಪ್ರೂಫ್ ನೋಡುವಾಗ ನಾನು ಹುಡುಕಿ ಎಣಿಸಿದ್ದೆ. ಏಳು ಇದ್ದವು. ಅವನು ಪುಟ ತಿರುಗಿಸುತ್ತಾ ಹೋದ. ಬುಟ್ಟಿಯ ಹಿಂದೆ, ಬದುವಿನ ಬಿಲದಲ್ಲಿ, ಅಜ್ಜಿಯ ನೆರಳಿನ ತುದಿಯಲ್ಲಿ. ಏಳು ಆಯಿತು. ಪುಸ್ತಕ ಮುಚ್ಚಲಿಲ್ಲ. ಎಂಟು ಎಂದ. ಒಂಬತ್ತು. ಹತ್ತು. ಕೊನೆಯ ಪುಟದಲ್ಲಿ ಬುಟ್ಟಿಯ ಮೇಲಿನ ಚಿತ್ತಾರದೊಳಗೆ, ಭತ್ತದ ಸಸಿಯ ಬುಡದಲ್ಲಿ, ಬಿಳಿ ಎಳೆಯಲ್ಲೇ ಬರೆದ ಒಂದು ಪುಟ್ಟ ಬಾಲ ಇತ್ತು. ಅದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ.

"ಹನ್ನೊಂದು."